ಓರೆ ರೇಜರ್: ಗಿಲೋಟಿನ್ ವಾದ ಎಷ್ಟು ಹರಿತ?

ಹೊಸದಾಗಿ ಕೊಂಡ ಸೇಫ್ಟಿ ರೇಜರ್‌ನ ತಲೆ ಸೊಟ್ಟಗಿದ್ದರೆ ನೀವು ಏನು ಮಾಡುತ್ತೀರಿ? ಅಂಗಡಿಗೆ ಹಿಂತಿರುಗಿಸುತ್ತೀರಿ ಅಲ್ಲವೇ? ಆದರೆ ಬೇಕೆಂದೇ ಸೊಟ್ಟಗೆ ಮಾಡಿದ ರೇಜರ್‌ಗಳೂ ಇವೆ. ಜರ್ಮನಿಯ ಸೋಲಿಂಗನ್ ಪಟ್ಟಣದ ಮರ್ಕುರ್ 37ಸಿ ಇವುಗಳಲ್ಲಿ ಹೆಸರಾದದ್ದು. ಇಂಥವುಗಳ ತಲೆಯನ್ನು ಬಿಗಿದಾಗ ಬ್ಲೇಡಿನ ಒಂದು ತುದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ತಿರುಚಿಕೊಂಡು ನಿಲ್ಲುತ್ತದೆ. ಬ್ರಷ್, ಸೋಪಿನ ನೊರೆ, ಎರಡಂಚಿನ ಬ್ಲೇಡುಗಳ ಹಳೆಯ ಪದ್ಧತಿಗೆ ಮರಳಿದವರು ಈ ಓರೆ ರೇಜರನ್ನು ಬಹಳ ಹೊಗಳುತ್ತಾರೆ. ಹೊಗಳಿಕೆಗೆ ಅವರು ಕೊಡುವ ಕಾರಣ ಒಂದೇ: ‘ಇದು ಗಿಲೋಟಿನ್‌ನಂತೆ ಕತ್ತರಿಸುತ್ತದೆ.’ ಈ ಮಾತನ್ನು ತರಗತಿಯಲ್ಲಿ ಇಳಿಜಾರು ತಲದ ಉದಾಹರಣೆಯಾಗಿ ಬಳಸುವ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

1792ರಲ್ಲಿ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದ ಗಿಲೋಟಿನ್‌ನ ಅಲಗು ಓರೆಯಾಗಿತ್ತು, ನಿಜ. ಓರೆ ಅಲಗಿನಿಂದ ಎರಡು ಲಾಭಗಳಿವೆ. ಅಗಲವಾದ ವಸ್ತು ಒಮ್ಮೆಗೇ ಅಲಗಿಗೆ ಸಿಗದೆ ಸ್ವಲ್ಪಸ್ವಲ್ಪವಾಗಿ ಸಿಗುತ್ತದೆ ಎಂಬುದು ಮೊದಲನೆಯದು. ಗಡ್ಡಕ್ಕೆ ಇದು ಅಷ್ಟಾಗಿ ಅನ್ವಯಿಸದು. ಕೂದಲುಗಳು ಮೊದಲೇ ಬಿಡಿಬಿಡಿಯಾಗಿವೆ. ಒಂದೊಂದರ ದಪ್ಪ ಸುಮಾರು 0.1 ಮಿ.ಮೀ. ಮಾತ್ರ.

ಎರಡನೆಯದು ನಿಜವಾದ ಲಾಭ. ಅಲಗು ಒತ್ತುವುದರ ಜೊತೆಗೆ ತನ್ನ ಉದ್ದಕ್ಕೂ ಜಾರಿದರೆ ಒತ್ತುವ ಬಲ ಕಡಿಮೆ ಸಾಕು. ಟೊಮೇಟೊವನ್ನು ಈಳಿಗೆಮಣೆಯ ಅಲಗಿಗೆ ನೇರವಾಗಿ ಒತ್ತಿದರೆ ಅದು ಜಜ್ಜಿ ಹೋಗುತ್ತದೆ, ಜಾರಿಸುತ್ತ ಒತ್ತಿದರೆ ನಯವಾಗಿ ಹೋಳಾಗುತ್ತದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಟೋನಿ ಆಟ್ಕಿನ್ಸ್ ಮತ್ತು ಸಂಗಡಿಗರು 2004ರಲ್ಲಿ ಗಿಣ್ಣು ಹಾಗೂ ಮಾಂಸದ ತೆಳು ಹೋಳುಗಳನ್ನು ಕತ್ತರಿಸಿ ಇದನ್ನು ಸೂತ್ರಕ್ಕೆ ಇಳಿಸಿದರು. ಘರ್ಷಣೆಯನ್ನು ಬಿಟ್ಟರೆ ಸೂತ್ರ ಸರಳವಾಗಿದೆ. ಜಾರುವ ವೇಗವನ್ನು ಒತ್ತುವ ವೇಗದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ 1ಕ್ಕೆ ಕೂಡಿಸಿ. ಅಂಚಿಗೆ ಲಂಬವಾದ ಬಲ ಅಷ್ಟು ಪಟ್ಟು ಇಳಿಯುತ್ತದೆ. ಒಟ್ಟು ಕೆಲಸವೇನೂ ಉಳಿಯುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಲಂಬ ದಿಕ್ಕಿನಲ್ಲಿ ಕಡಿಮೆಯಾದ ಕೆಲಸವನ್ನು ಜಾರುವ ದಿಕ್ಕಿನಲ್ಲಿ ಮಾಡಬೇಕಾಗುತ್ತದೆ.

ಅಲಗು 45 ಡಿಗ್ರಿ ಓರೆಯಾಗಿದ್ದರೆ ಈ ಅನುಪಾತ 1. ಲಂಬ ಬಲ ಅರ್ಧಕ್ಕೆ ಇಳಿಯುತ್ತದೆ. ಓರೆ ರೇಜರ್‌ನ ಕೋನ ಎಷ್ಟು? ಧಾರಾಳವಾಗಿ 10 ಡಿಗ್ರಿ ಎಂದಿಟ್ಟುಕೊಳ್ಳಿ. ಬ್ಲೇಡಿನ ಅಂಚು ಸುಮಾರು 37 ಮಿ.ಮೀ. ಉದ್ದ. ಅಂದರೆ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 6.4 ಮಿ.ಮೀ. ಎತ್ತರದಲ್ಲಿರಬೇಕು. ನಾನು ಬಳಸಿ ನೋಡಿದ ರೇಜರ್ ಅಷ್ಟು ವಾಲಿರಲಿಲ್ಲ. ಇರಲಿ, 10 ಡಿಗ್ರಿಯ ಟ್ಯಾನ್ ಬೆಲೆ 0.176, ಅದರ ವರ್ಗ 0.031. ಲಂಬ ಬಲದಲ್ಲಿ ಇಳಿಕೆ ಶೇ. 3ರಷ್ಟು! ಗಿಲೋಟಿನ್ ಹೆಸರಿಗೆ ಇದು ತೀರ ಬಡಕಲು ಲಾಭ.

ಇದನ್ನು ನೀರಿನೊಡನೆ ಹೋಲಿಸಿ. ಎರಡು ಮೂರು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆದ ಗಡ್ಡದ ಕೂದಲನ್ನು ಕತ್ತರಿಸಲು, ಒಣ ಕೂದಲಿಗೆ ಬೇಕಾದ ಬಲದ ಅರ್ಧವೂ ಬೇಕಿಲ್ಲ. ಕೂದಲಿನ ಕೆರಾಟಿನ್ ನೀರು ಹೀರಿ ಉಬ್ಬಿ ಮೆದುವಾಗುತ್ತದೆ. ಬೆಲೆ ಬಾಳುವ ರೇಜರ್ ಕೊಂಡು ಅವಸರದಲ್ಲಿ ಒಣಗಡ್ಡ ಹೆರೆಯುವವರಿಗಿಂತ ಚೆಂಬು ಬಿಸಿನೀರು ಕಾಯಿಸಿಕೊಂಡವರು ಜಾಣರು.

ಹಾಗಾದರೆ ಓರೆ ರೇಜರ್ ಬರಿಯ ಸೋಗೇ? ಹಾಗೆಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಮೂರು ವಾರ ಒಂದು ಕೆನ್ನೆಗೆ ನೇರ ರೇಜರ್, ಇನ್ನೊಂದಕ್ಕೆ ಓರೆ ರೇಜರ್ ಹಿಡಿದೆ. ದಿನ ಬಿಟ್ಟು ದಿನ ಕೆನ್ನೆ ಬದಲಿಸಿದೆ. ಎರಡರಲ್ಲೂ ಒಂದೇ ತಯಾರಕರ ಬ್ಲೇಡು, ಒಂದೇ ದಿನ ಹಾಕಿದ್ದು. ದಿನವೂ ಗಡ್ಡ ತೆಗೆದಾಗ ವ್ಯತ್ಯಾಸ ತಿಳಿಯಲಿಲ್ಲ. ಮೂರು ದಿನ ಬೆಳೆಸಿ ತೆಗೆದಾಗ ಮಾತ್ರ, ಗದ್ದದ ಕೆಳಗಿನ ಒರಟು ಕೂದಲಿನಲ್ಲಿ, ಓರೆ ರೇಜರ್ ಎಳೆತವಿಲ್ಲದೆ ಸಾಗಿತು. ಆದರೆ ಅದು ನೇರ ರೇಜರ್‌ಗಿಂತ ಭಾರವಾಗಿತ್ತು. ಯಾವುದು ಯಾವುದೆಂದು ನನಗೆ ಗೊತ್ತೂ ಇತ್ತು. ಆದ್ದರಿಂದ ಈ ಪರೀಕ್ಷೆಗೆ ನಾನೇ ಪೂರ್ಣಾಂಕ ಕೊಡಲಾರೆ.

ಆ ವ್ಯತ್ಯಾಸಕ್ಕೆ ಗಿಲೋಟಿನ್‌ಗಿಂತ ನಂಬಬಹುದಾದ ವಿವರಣೆಯೊಂದಿದೆ. ಬ್ಲೇಡಿನ ದಪ್ಪ 0.1 ಮಿ.ಮೀ. ಇಷ್ಟು ತೆಳು ಉಕ್ಕು ಗಟ್ಟಿ ಕೂದಲು ತಗುಲಿದಾಗ ಬಾಗಿ ಅದುರಬಲ್ಲದು. ಒಂದು ಪೋಸ್ಟ್‌ಕಾರ್ಡನ್ನು ತುದಿಯಲ್ಲಿ ಹಿಡಿಯಿರಿ, ಅದು ಜೋಲುತ್ತದೆ. ಉದ್ದಕ್ಕೆ ಸ್ವಲ್ಪ ದೋಣಿಯಂತೆ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಕಿಂಗ್ ಕ್ಯಾಂಪ್ ಜಿಲೆಟ್ ಅವರ ರೇಜರ್ ಕೂಡ ತೆಳು ಬ್ಲೇಡನ್ನು ಬಾಗಿಸಿ ಬಿಗಿದೇ ಗಡಸುಗೊಳಿಸುತ್ತಿತ್ತು. ಓರೆ ರೇಜರ್ ಆ ಬಾಗಿನ ಮೇಲೆ ಒಂದು ತಿರುಚನ್ನೂ ಸೇರಿಸುತ್ತದೆ. ಬ್ಲೇಡನ್ನು ತಿರುಚದೆ ಕೇವಲ ವಾಲಿಸಿ ಕೂರಿಸುವ ಓರೆ ರೇಜರ್‌ಗಳೂ ಇವೆ. ಕಾರಣ ತಿರುಚೇ ಆಗಿದ್ದರೆ, ಇವುಗಳಲ್ಲಿ ಅದೇ ಗುಣ ಕಾಣಬಾರದು. ಎರಡು ಬಗೆಯನ್ನೂ ಕಣ್ಣುಕಟ್ಟಿಸಿ ಹೋಲಿಸುವುದೇ ಸರಿಯಾದ ಪರೀಕ್ಷೆ.

ಇನ್ನೊಂದು ಮಾತು. ಹಿಡಿಯನ್ನು ಎಳೆಯುವ ದಿಕ್ಕಿಗೆ 30 ಡಿಗ್ರಿ ವಾಲಿಸಿದರೆ ನಿಮ್ಮ ಸಾಧಾರಣ ರೇಜರ್‌ನಲ್ಲೇ ಲಂಬ ಬಲ ಕಾಲುಭಾಗ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಆದರೆ ಎಚ್ಚರ ಬೇಕು. ಸೂತ್ರಕ್ಕೆ ಕೂದಲು ಯಾವುದು, ಚರ್ಮ ಯಾವುದು ಎಂಬ ಭೇದ ತಿಳಿಯದು. ಅಲಗು ಜಾರಿದಾಗ ಚರ್ಮವೂ ಅಷ್ಟೇ ಸುಲಭವಾಗಿ ಸೀಳುತ್ತದೆ. ಓರೆ ರೇಜರ್ ಹಿಡಿದ ಮೊದಲ ದಿನ ಅಭ್ಯಾಸಬಲದಿಂದ ಒತ್ತಿ, ಕುತ್ತಿಗೆಯಲ್ಲಿ ಎರಡು ಗೆರೆ ಬರೆಸಿಕೊಂಡವನ ಮಾತು ಇದು.

ತರಗತಿಗೆ ಬ್ಲೇಡು ತರುವುದು ಬೇಡ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸಿಪ್ಪೆ ಸುಲಿಯದ ಬೇಯಿಸಿದ ಆಲೂಗಡ್ಡೆ ಇಡಿ. ಚಾಕುವನ್ನು ಶಿಕ್ಷಕರೇ ಹಿಡಿಯಲಿ. ಮೊದಲು ನೇರವಾಗಿ ಒತ್ತಿ, ಸಿಪ್ಪೆ ಸೀಳುವಾಗ ತಕ್ಕಡಿ ತೋರುವ ಗ್ರಾಮುಗಳನ್ನು ವಿದ್ಯಾರ್ಥಿಯೊಬ್ಬ ಓದಲಿ. ಅನಂತರ ಚಾಕುವನ್ನು ಜಾರಿಸುತ್ತ ಒತ್ತಿ ಮತ್ತೆ ಓದಿಸಿ. ಜಾರುವಿಕೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ, ತಕ್ಕಡಿಯ ಅಂಕಿ ಯಾವ ಹಂತದಲ್ಲಿ ಎದ್ದು ಕಾಣುವಂತೆ ಇಳಿಯುತ್ತದೆ ಎಂಬುದನ್ನು ಬರೆದಿಡಿ. 10 ಡಿಗ್ರಿಯ ಶೇ. 3ರ ಇಳಿಕೆ ನಿಮ್ಮ ತಕ್ಕಡಿಯ ಏರಿಳಿತದಲ್ಲೇ ಮುಳುಗಿಹೋಗುವ ಸಂಭವ ಹೆಚ್ಚು.