ಕಾರ್ಣಿಕದ ಒರೆಗಲ್ಲಿಗೆ ಹಳೆಯ ಸಿನಿಮಾ

ಹಳೆಯ ಕನ್ನಡ ಸಿನಿಮಾಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ತಕ್ಕಡಿಗಳು ಹೊರಬರುತ್ತವೆ. ಚಿತ್ರ ಎಷ್ಟು ವಾರ ಓಡಿತು ಎಂದು ತೂಗುವುದು ಒಂದು, ಯಾವ ಪ್ರಶಸ್ತಿ ಗೆದ್ದಿತು ಎಂದು ತೂಗುವುದು ಇನ್ನೊಂದು. ಮೊದಲನೆಯದರಲ್ಲಿ 1972ರ ‘ಬಂಗಾರದ ಮನುಷ್ಯ’ ಗೆಲ್ಲುತ್ತದೆ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆದ ಚಿತ್ರ ಅದು. ಎರಡನೆಯದರಲ್ಲಿ 1970ರ ‘ಸಂಸ್ಕಾರ’ ಗೆಲ್ಲುತ್ತದೆ. ಮೊದಲು ಸೆನ್ಸಾರಿನವರಿಂದ ತಡೆ ಕಂಡು, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ. ಒಂದರ ಅಭಿಮಾನಿಗಳು ಇನ್ನೊಂದರತ್ತ ತಿರುಗಿಯೂ ನೋಡುವುದಿಲ್ಲ. ಅರ್ಧ ಶತಮಾನ ಕಳೆದರೂ ಈ ತಕರಾರು ಹರಿದಿಲ್ಲ, ಏಕೆಂದರೆ ಎರಡು ತಕ್ಕಡಿಗಳೂ ತೂಗುವುದು ಚಿತ್ರ ಬಿಡುಗಡೆಯಾದ ದಿನಗಳ ಸಂಗತಿಯನ್ನು. ಇವತ್ತು ಕೂತು ನೋಡುವವರ ಒಳಗೆ ಆ ಚಿತ್ರ ಏನು ಮಾಡುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಅದನ್ನು ತಿಳಿಯಲು ಬೇರೆಯೇ ಒಂದು ಅಳತೆ ಬೇಕು. ಅಂಥದೊಂದು ಅಳತೆ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ತಲೆತಲಾಂತರದಿಂದ ಇದೆ ಎಂಬುದು ಈ ವಾರದ ನನ್ನ ವಾದ.

ಮಹಾನವಮಿಯ ಹೊತ್ತಿಗೆ ದೇವರಗುಡ್ಡದಲ್ಲಿ ಮಾಲತೇಶ ದೇವರ ಕಾರ್ಣಿಕ, ಅಂದರೆ ಭವಿಷ್ಯನುಡಿ. ವ್ರತ ಹಿಡಿದು ಉಪವಾಸವಿದ್ದ ಗೊರವಯ್ಯ, ಎಂದರೆ ಆ ದೇವರ ಸೇವೆಯ ಭಕ್ತರು, ಎತ್ತರದ ಬಿಲ್ಲನ್ನು ಏರುತ್ತಾರೆ. ಅಲ್ಲಿಯವರೆಗೆ ಡಮರುಗದ ಬಡಿತ, ಏಳುಕೋಟಿಯ ಘೋಷ, ಗಾಳಿಯಲ್ಲೆಲ್ಲ ಭಂಡಾರದ ಹಳದಿ. ಬಿಲ್ಲಿನ ತುದಿಯಿಂದ ‘ಸದ್ದಲೇ’ ಎಂಬ ಮಾತು ಬಿದ್ದದ್ದೇ ತಡ, ಸಾವಿರಾರು ಮಂದಿಯ ಗುಡ್ಡ ಗಪ್ಪಾಗುತ್ತದೆ. ಆಮೇಲೆ ಒಂದೇ ಒಂದು ನುಡಿ, ಅದರ ಬೆನ್ನಿಗೆ ಪರಾಕ್. ನುಡಿದವರು ಬಿಲ್ಲಿನಿಂದ ಕೆಳಗೆ ಬಂದಿರುತ್ತಾರೆ. ಅರ್ಥ ಬಿಡಿಸಲು ಅವರು ನಿಲ್ಲುವುದಿಲ್ಲ. ಬಿಡಿಸುವ ಕೆಲಸ ಕೆಳಗೆ ನಿಂತವರದು. ರಾಣೆಬೆನ್ನೂರಿನ ರೈತರು ಅದರಲ್ಲಿ ಮಳೆಯನ್ನು ಕೇಳಿಸಿಕೊಳ್ಳುತ್ತಾರೆ, ಬ್ಯಾಡಗಿಯವರು ಮೆಣಸಿನಕಾಯಿಯ ದರವನ್ನು, ರಾಜಕೀಯದವರು ಕುರ್ಚಿಯನ್ನು. ಮರುದಿನದ ಪತ್ರಿಕೆಯಲ್ಲಿ ಆ ನುಡಿ ಅಚ್ಚಾಗುತ್ತದೆ, ಕಟ್ಟೆಗಳ ಮೇಲೆ ವರ್ಷವಿಡೀ ಉರುಳುತ್ತದೆ. ಇದರ ಕಟ್ಟೋಣವನ್ನು ಗಮನಿಸಿ. ಮೊದಲು ಮೌನ, ನಡುವೆ ಎಲ್ಲರಿಗೂ ಗೊತ್ತಿರುವ ಪದಗಳ ಚಿಕ್ಕ ನುಡಿ, ಕೊನೆಗೆ ನುಡಿದವರು ಹಿಂದೆ ಸರಿದು ಕೇಳಿದವರ ಕೈಗೆ ಅದನ್ನು ಒಪ್ಪಿಸುವುದು. ದೊಡ್ಡ ಸಿನಿಮಾ ಮಾಡುವುದೂ ಇದನ್ನೇ. ತನ್ನ ಮುಖ್ಯ ಮಾತಿಗೆ ಮುಂಚೆ ಅದು ನಮ್ಮನ್ನು ಸುಮ್ಮನಾಗಿಸುತ್ತದೆ, ಮಾತನ್ನು ತಿಳಿಯಾದ ಚಿತ್ರವಾಗಿ ಹೇಳುತ್ತದೆ, ತೀರ್ಪನ್ನು ನಮಗೆ ಬಿಟ್ಟು ಎದ್ದು ಹೋಗುತ್ತದೆ.

ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ವನ್ನು (1977) ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಯು.ಆರ್. ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನಕ್ಕ ಶಾಲೆಯ ಮೇಷ್ಟರೊಬ್ಬರಿಂದ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಆಕೆಯನ್ನು ಹೊರಗಿಡುತ್ತಾರೆ. ಈ ಅನ್ಯಾಯವನ್ನು ಯಾರ ಬಾಯಲ್ಲಾದರೂ ಖಂಡಿಸುವುದು ಬಹಳ ಸುಲಭವಿತ್ತು. ಚಿತ್ರ ಹಾಗೆ ಮಾಡಲಿಲ್ಲ. ಎಲ್ಲವನ್ನೂ ನಾಣಿ ಎಂಬ ಪುಟ್ಟ ವಟುವಿನ ಕಣ್ಣಿಗೆ ಒಪ್ಪಿಸಿತು. ಅವನಿಗೆ ನಡೆಯುತ್ತಿರುವುದು ಕಾಣುತ್ತದೆ, ಅದರ ಅರ್ಥ ಪೂರ್ತಿ ಹತ್ತುವುದಿಲ್ಲ. ಕೊನೆಗೆ ಅಪ್ಪ ಬಂದು ನಾಣಿಯನ್ನು ಊರಿಗೆ ಕರೆದೊಯ್ಯುವಾಗ, ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಹೋಗುವ ಹುಡುಗ, ಕೂತ ಹೆಂಗಸು, ನಡುವೆ ಹೆಚ್ಚುತ್ತಿರುವ ದೂರ. ಆ ಚೌಕಟ್ಟಿನಲ್ಲಿರುವುದು ಮರ, ದಾರಿ, ಇಬ್ಬರು ಮನುಷ್ಯರು. ಗುಟ್ಟಾದ ಸಂಕೇತವೊಂದೂ ಇಲ್ಲ. ಆದರೂ ತಪ್ಪು ಆ ತಂದೆಯದೋ, ಅಗ್ರಹಾರದ್ದೋ, ಆಕೆಯನ್ನು ನಡುನೀರಿನಲ್ಲಿ ಕೈಬಿಟ್ಟ ಮೇಷ್ಟರದೋ, ಏನೂ ಮಾಡಲಾಗದೆ ನೋಡುತ್ತ ಹೋದ ನಮ್ಮದೋ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅಗ್ರಹಾರವನ್ನೇ ಕಾಣದ ಜನ ಅದನ್ನು ಅಲ್ಲಿ ನೋಡಿದರು. ಮರದ ಕೆಳಗೆ ಒಂಟಿಯಾಗಿ ಕೂತ ಹೆಣ್ಣು ಯಾವ ದೇಶದಲ್ಲೂ ಟಿಪ್ಪಣಿ ಬೇಡುವುದಿಲ್ಲ.

ಇದು ಕಲಾತ್ಮಕ ಚಿತ್ರಗಳ ಪರವಾಗಿ ಹೆಣೆದ ಅಳತೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಿದ್ದರೆ ಜನ ಮುಗಿಬಿದ್ದು ನೋಡಿದ ‘ಬಂಗಾರದ ಮನುಷ್ಯ’ವನ್ನೇ ಹಚ್ಚಿ ನೋಡಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಜಿ.ಕೆ. ವೆಂಕಟೇಶರ ಸಂಗೀತ, ರಾಜೀವನಾಗಿ ರಾಜ್‌ಕುಮಾರ್. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಬರಡು ನೆಲವನ್ನು ಹಸಿರು ಮಾಡಿದ ಕತೆಯೆಂದೇ ನಾವು ಅದನ್ನು ನೆನೆಯುತ್ತೇವೆ. ಆದರೆ ಚಿತ್ರ ಮುಗಿಯುವುದು ಸುಗ್ಗಿಯಲ್ಲಲ್ಲ. ತಾನು ಬೆಳೆಸಿದ ಮನೆಯೇ ತನ್ನ ನಡತೆಯನ್ನು ಅನುಮಾನಿಸಿದಾಗ ರಾಜೀವ ಬಾಯಿ ಬಿಡುವುದಿಲ್ಲ. ತೀರಿಹೋದ ಭಾವನ ಗುಟ್ಟೊಂದನ್ನು ಹೇಳಿದ್ದರೆ ಅವನ ಮೇಲಿನ ಅಪವಾದ ಆ ಗಳಿಗೆಯಲ್ಲೇ ತೊಳೆದುಹೋಗುತ್ತಿತ್ತು. ಹೇಳಿದರೆ ಸತ್ತವರ ಮಾನ ಹೋಗುತ್ತದೆ, ಅಕ್ಕನ ಮನಸ್ಸು ಮುರಿಯುತ್ತದೆ. ಹಾಗಾಗಿ ಅವನು ಸುಮ್ಮನೆ ಎದ್ದು ನಡೆಯುತ್ತಾನೆ, ತಿರುಗಿ ಬರುವುದಿಲ್ಲ. ಇದು ತ್ಯಾಗವೋ, ಸೋಲೋ, ಮನೆಯವರಿಗೆ ಕೊಟ್ಟ ಶಿಕ್ಷೆಯೋ? ಐವತ್ತು ವರ್ಷಗಳಿಂದ ಕನ್ನಡಿಗರು ಇದನ್ನು ಚರ್ಚಿಸುತ್ತಲೇ ಇದ್ದಾರೆ. ಆ ಮೌನವಿಲ್ಲದಿದ್ದರೆ ಇದು ಒಳ್ಳೆಯ ಕೃಷಿ ಪ್ರಚಾರದ ಚಿತ್ರವಾಗಿ ಉಳಿಯುತ್ತಿತ್ತು. ಎರಡು ವರ್ಷ ಅದನ್ನು ಓಡಿಸಿದ್ದು ಹಾಡುಗಳಿರಬಹುದು; ಎರಡು ತಲೆಮಾರು ಅದನ್ನು ಉಳಿಸಿದ್ದು ಆ ನಡಿಗೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಮೌನವೆಲ್ಲಿದೆ? ಅಲ್ಲಿ ಪಾತ್ರಗಳು ಕೂಗುತ್ತವೆ, ಅಳುತ್ತವೆ, ಬಣ್ಣಗಳೂ ಕೂಗುತ್ತವೆ. ಆದರೂ ಅವು ಶ್ರೇಷ್ಠವಲ್ಲವೇ? ಖಂಡಿತ ಶ್ರೇಷ್ಠವೇ. ಮೌನವೆಂದರೆ ಚಿತ್ರದ ಉದ್ದಕ್ಕೂ ಸದ್ದಿಲ್ಲದಿರುವುದು ಎಂದು ತಿಳಿದರೆ ತಪ್ಪಾಗುತ್ತದೆ. ಕಾರ್ಣಿಕದ ಮುಂಚೆ ಗುಡ್ಡದಲ್ಲಿ ಎಷ್ಟು ಗದ್ದಲವಿರುತ್ತದೆ! ಗದ್ದಲ ಅಷ್ಟಿರುವುದರಿಂದಲೇ ‘ಸದ್ದಲೇ’ ಎಂಬುದಕ್ಕೆ ಆ ಬಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಶರಪಂಜರ’ದಲ್ಲಿ (1971) ಕಲ್ಪನಾ ಅವರ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾಗಿದೆ, ಸುತ್ತಲಿನವರ ನೋಟ ವಾಸಿಯಾಗಿಲ್ಲ. ಗಂಡನ ಉಪೇಕ್ಷೆ, ನೆರೆಹೊರೆಯವರ ಪಿಸುಮಾತು, ಆಮೇಲೆ ಗಂಡನ ದ್ರೋಹ. ಕಡೆಗೆ ಆಕೆ ಮತ್ತೆ ಆಸ್ಪತ್ರೆಯ ಪಾಲಾಗುತ್ತಾಳೆ. ಮಾತುಗಳೇನೋ ಜೋರಾಗಿವೆ. ಆದರೆ ಯಾರು ಹುಚ್ಚರು ಎಂಬ ಒಂದೇ ಒಂದು ಪ್ರಶ್ನೆಗೆ ಚಿತ್ರ ಉತ್ತರ ಘೋಷಿಸುವುದಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಕಟ್ಟಿದ ‘ನಾಗರಹಾವು’ (1972) ಕೂಡ ಹಾಗೆಯೇ. ಅದರ ನಾಯಕ ರಾಮಾಚಾರಿಯ ಬಾಳು ಹಾಳಾದದ್ದು ಅವನ ಹಟದಿಂದಲೋ, ಅವನನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟ್ರ ಒಳ್ಳೆಯತನದಿಂದಲೋ? ಪ್ರೀತಿಸಿದವರೇ ಕೇಡಿಗೆ ಕಾರಣರಾಗಬಹುದು ಎಂಬ ಕಹಿಯನ್ನು ಚಿತ್ರದುರ್ಗದ ಬಂಡೆಯ ಮೇಲೆ ಇಟ್ಟು ಪುಟ್ಟಣ್ಣ ಸರಿದುಬಿಡುತ್ತಾರೆ. 2018ರಲ್ಲಿ ಆ ಚಿತ್ರ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾದಾಗ ಹೊಸ ತಲೆಮಾರಿಗೂ ಅದೇ ಪ್ರಶ್ನೆ ಎದುರಾಯಿತು.

ಹಾವೇರಿ ಸೀಮೆಯ ಓದುಗರು ಎತ್ತಬಹುದಾದ ಬೇರೊಂದು ತಕರಾರಿದೆ, ಅದು ನ್ಯಾಯವಾದದ್ದು. ನಮ್ಮ ಕಡೆಯ ಮಾತೇ ಕೇಳಿಸದ ಚಿತ್ರಗಳಿಗೆ ನಮ್ಮ ಗುಡ್ಡದ ಅಳತೆ ಯಾಕೆ? ವೈ.ಆರ್. ಸ್ವಾಮಿಯವರ ‘ಭಕ್ತ ಕನಕದಾಸ’ವನ್ನೇ (1960) ನೋಡಿ. ಕನಕ ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ, ಅವರು ಒಲಿದ ಆದಿಕೇಶವ ಇರುವುದು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ. ತೆರೆಯ ಮೇಲಿನ ಕನಕ ಆಡುವುದು ಮಾತ್ರ ನಾಟಕ ಕಂಪನಿಗಳಿಂದ ಬಂದ, ಮದರಾಸಿನ ಸ್ಟುಡಿಯೋಗಳಲ್ಲಿ ಪಳಗಿದ ಗ್ರಾಂಥಿಕ ಕನ್ನಡ. ಈ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಸಾಲದ್ದಕ್ಕೆ ಭಕ್ತಿಚಿತ್ರದಲ್ಲಿ ತೀರ್ಪು ಮೊದಲೇ ಗೊತ್ತಿರುತ್ತದೆ. ಉಡುಪಿಯ ಕೃಷ್ಣ ಕನಕನತ್ತ ತಿರುಗುತ್ತಾನೆಂದು ಟಿಕೆಟ್ ಕೊಳ್ಳುವಾಗಲೇ ಎಲ್ಲರಿಗೂ ಗೊತ್ತು. ನನ್ನ ಅಳತೆಗೆ ಈ ಚಿತ್ರ ಪೂರ್ತಿ ಒದಗುವುದಿಲ್ಲ ಎಂದು ಒಪ್ಪುತ್ತೇನೆ. ಆದರೂ ಬಾಗಿಲು ತೆರೆಯೆಂದು ಕನಕ ಬೇಡುವ ಆ ಕೀರ್ತನೆಯ ಹೊತ್ತನ್ನು ಗಮನಿಸಬೇಕು. ರಾಜ್‌ಕುಮಾರ್ ಅವರ ಮುಖ, ಪಿ.ಬಿ. ಶ್ರೀನಿವಾಸರ ಮೆತ್ತನೆಯ ದನಿ, ಎದುರಿಗೆ ಮುಚ್ಚಿದ ಬಾಗಿಲು. ಆ ದನಿಯಲ್ಲಿ ಸಿಟ್ಟಿಲ್ಲ, ಅಂಗಲಾಚುವಿಕೆಯೂ ಇಲ್ಲ. ಒಳಗಿರುವವನ ಮೇಲೆ ಹಕ್ಕಿರುವವನ ಸಲಿಗೆಯಿದೆ. ಪವಾಡ ಗೋಡೆಯಲ್ಲಿ ಕಿಂಡಿ ತೆರೆಯುತ್ತದೆ, ಬಾಗಿಲನ್ನಲ್ಲ. ಬಾಗಿಲು ಮುಚ್ಚಿದವರು ಯಾರು, ಅದನ್ನು ತೆರೆಯಬೇಕಾದವರು ಯಾರು ಎಂಬುದು ಚಿತ್ರ ಮುಗಿದ ಮೇಲೂ ಉಳಿಯುತ್ತದೆ. ಮುಂದೆ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಇದೇ ಸೀಮೆಗೆ ಇನ್ನೂ ಹತ್ತಿರ ಬಂತು. ಶರೀಫರ ತತ್ವಪದಗಳೇ ಒಗಟಿನ ಮನೆ. ಸಿ. ಅಶ್ವಥ್ ಅವರ ಸಂಗೀತ ಆ ಒಗಟುಗಳನ್ನು ಬಿಡಿಸಹೋಗದೆ ಇದ್ದ ಹಾಗೆಯೇ ನಮ್ಮ ಕಿವಿಗೆ ಮುಟ್ಟಿಸಿತು. ಕಾರ್ಣಿಕ ಕೇಳಿ ಬೆಳೆದವರಿಗೆ ಅಂಥ ಪದ ಹೊಸದಲ್ಲ. ಅರ್ಧ ಹೇಳಿ ಅರ್ಧ ಬಿಡುವ ಮಾತನ್ನು ಪೂರ್ತಿ ಮಾಡಿಕೊಳ್ಳುವ ರೂಢಿ ಈ ನೆಲದ್ದು. ಅಳತೆ ನಮ್ಮದಾಗಿರಲಿ ಎನ್ನುವುದಕ್ಕೆ ಇದೇ ಕಾರಣ. ನಮ್ಮ ಮಾತು ಆ ಚಿತ್ರಗಳಲ್ಲಿ ಇರಲಿ ಬಿಡಲಿ, ಅವುಗಳನ್ನು ಕೇಳಿಸಿಕೊಳ್ಳುವ ಕಿವಿ ನಮ್ಮಲ್ಲಿ ಮೊದಲಿನಿಂದಲೂ ಇದೆ.

ಹಾಗಾದರೆ ಅರ್ಥವಾಗದಂತೆ ಮುಗಿಸಿದ ಚಿತ್ರವೆಲ್ಲ ದೊಡ್ಡದೇ? ಇಲ್ಲ. ಇಲ್ಲಿ ಕಾರ್ಣಿಕ ಇನ್ನೊಂದು ಪಾಠ ಹೇಳುತ್ತದೆ. ಕಾರ್ಣಿಕದ ನುಡಿಯಲ್ಲಿ ಬರುವುದು ಹೊಲ, ಮಳೆ, ಬೇರು, ಆಕಾಶದಂಥ ಪದಗಳು. ಕುರಿ ಕಾಯುವವರಿಗೂ ಕಾಲೇಜಿನಲ್ಲಿ ಪಾಠ ಹೇಳುವವರಿಗೂ ಅವು ಒಂದೇ ಸಲಕ್ಕೆ ತಿಳಿಯುತ್ತವೆ. ನುಡಿ ತಿಳಿ, ಅದು ಯಾರಿಗೆ ಅನ್ವಯಿಸುತ್ತದೆ ಎಂಬುದಷ್ಟೇ ಗೂಢ. ಹೇಳಲು ಏನೂ ಇಲ್ಲದವರು ಮಸುಕು ಮಾಡಿ ಹೇಳುವುದಕ್ಕೂ ಇದಕ್ಕೂ ಅಜಗಜಾಂತರ. ಬಿ.ವಿ. ಕಾರಂತರ ‘ಚೋಮನ ದುಡಿ’ಯ (1975) ಕೊನೆಯನ್ನು ನೆನೆಯಿರಿ. ಶಿವರಾಮ ಕಾರಂತರ ಚೋಮನಿಗೆ ಇದ್ದದ್ದು ಒಂದೇ ಆಸೆ, ಒಂದು ತುಂಡು ಭೂಮಿ ಉಳಬೇಕು. ಅದು ಕೈಗೂಡದೆ, ಮಕ್ಕಳನ್ನೂ ಕಳೆದುಕೊಂಡು, ಗುಡಿಸಲಿನ ಬಾಗಿಲು ಮುಚ್ಚಿ ದುಡಿ ಬಾರಿಸುತ್ತಾನೆ. ಬಾರಿಸುತ್ತಲೇ ಅವನ ಉಸಿರು ನಿಲ್ಲುತ್ತದೆ. ಎಂ.ವಿ. ವಾಸುದೇವರಾಯರ ಬಡಕಲು ಮೈ, ಒಂದು ವಾದ್ಯ, ಒಂದು ಗುಡಿಸಲು. ಇದಕ್ಕಿಂತ ಸರಳವಾದ ದೃಶ್ಯ ಕಟ್ಟುವುದು ಕಷ್ಟ. ಆದರೆ ಆ ಬಡಿತ ಸಿಟ್ಟೋ, ಶೋಕವೋ, ಊರಿಗೆಲ್ಲ ಸಾರಿದ ದೂರೋ ಎಂಬುದನ್ನು ಕೇಳುವವರೇ ತೀರ್ಮಾನಿಸಬೇಕು. ಇಟಲಿಯ ವಿಟ್ಟೋರಿಯೋ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಕೂಡ ಇಂಥದೇ ಸರಳತೆಯಲ್ಲಿ ಮುಗಿಯುತ್ತದೆ. ಸೈಕಲ್ಲು ಕಳೆದುಕೊಂಡು, ತಾನೇ ಕದಿಯಹೋಗಿ ಸಿಕ್ಕಿಬಿದ್ದ ಅಪ್ಪನ ಕೈಯನ್ನು ಮಗ ಹಿಡಿದುಕೊಳ್ಳುತ್ತಾನೆ, ಇಬ್ಬರೂ ಜನಜಂಗುಳಿಯಲ್ಲಿ ಮರೆಯಾಗುತ್ತಾರೆ. ರೋಮ್‌ನ ಬೀದಿಗೂ ಕರಾವಳಿಯ ಗುಡಿಸಲಿಗೂ ದೂರ ಬಹಳ. ನೋಡುವವರ ಮೇಲೆ ಇಟ್ಟ ನಂಬಿಕೆ ಒಂದೇ.

ಕಾರ್ಣಿಕ ದೈವದ ಮಾತು, ಸಿನಿಮಾ ಮನುಷ್ಯರು ಮಾಡಿದ್ದು, ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು ಎನ್ನುವವರ ಭಾವನೆಯನ್ನು ಗೌರವಿಸುತ್ತೇನೆ. ನಾನು ಹೋಲಿಸುತ್ತಿರುವುದು ನುಡಿದವರನ್ನಲ್ಲ, ಕೇಳುವವರನ್ನು. ಗುಡ್ಡದ ಮೇಲೆ ಅಷ್ಟು ಜನ ಒಟ್ಟಿಗೆ ಸುಮ್ಮನಾಗುವುದು ಕಲಿತು ಬಂದ ವಿದ್ಯೆ. ಹಳೆಯ ಚಿತ್ರಗಳೂ ನಮ್ಮಿಂದ ಅದನ್ನೇ ಬೇಡುತ್ತವೆ, ನಾವು ಕೊಡುತ್ತಿರುವುದು ಬಹಳ ಕಡಿಮೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಉಳಿದ ಚಿತ್ರಗಳನ್ನಾದರೂ ಕೆಡದಂತೆ ಕಾಯುವುದು ಮೊದಲ ಕರ್ತವ್ಯ. ಅವುಗಳ ಕೊನೆಯನ್ನು ಕೊನೆಯವರೆಗೆ ನೋಡುವುದು ಎರಡನೆಯದು, ಅದು ನಮ್ಮ ನಿಮ್ಮ ಕೈಯಲ್ಲೇ ಇದೆ. ಟಿ.ವಿ.ಯಲ್ಲಿ ರಾಜೀವ ನಡೆದು ಹೋಗುವಾಗಲೇ ಪರದೆಯ ಅಂಚಿನಲ್ಲಿ ಮುಂದಿನ ಕಾರ್ಯಕ್ರಮದ ಜಾಹೀರಾತು ಓಡುತ್ತದೆ. ಮೊಬೈಲಿನಲ್ಲಿ ಯಮುನಕ್ಕ ಮರದ ಕೆಳಗೆ ಕೂತಿರುವಾಗಲೇ ಇನ್ನೊಂದು ವಿಡಿಯೊ ತಾನಾಗಿ ಶುರುವಾಗುತ್ತದೆ. ಗೊರವಯ್ಯ ನುಡಿಯುವ ಗಳಿಗೆಯಲ್ಲಿ ಯಾರೋ ಪೀಪಿ ಊದಿದರೆ ಹೇಗೋ ಹಾಗೆ ಇದು. ಈ ವಾರ ಈ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ನೋಡಿ. ಕೊನೆಯ ಚಿತ್ರಿಕೆ ಆರಿದ ಮೇಲೆ ಎರಡು ನಿಮಿಷ ಏನನ್ನೂ ಹಚ್ಚಬೇಡಿ, ಆಮೇಲೆ ಮನೆಯವರೊಡನೆ ವಾದಕ್ಕೆ ಕೂರಿ. ವಾದ ಹರಿಯದಿದ್ದರೆ ಆ ಚಿತ್ರ ಇನ್ನೂ ಬದುಕಿದೆ ಎಂದು ತಿಳಿಯಿರಿ.