ಗೀತಗೋವಿಂದದ ಎರಡು ಚಿತ್ರಮಾಲೆಗಳು

ಕಾವ್ಯವನ್ನು ಕಿವಿಯಿಂದ ಸವಿಯುವ ಅಭ್ಯಾಸದಲ್ಲಿ ಬೆಳೆದವರಿಗೆ ಅದೇ ಕಾವ್ಯವು ಬಣ್ಣಗಳಲ್ಲಿ ಎದುರಾದಾಗ ಮೊದಲು ಉಂಟಾಗುವುದು ಸಂಶಯವೇ. ಶಬ್ದಾರ್ಥಗಳಲ್ಲಿ ನೆಲೆಗೊಂಡ ರಸವನ್ನು ಗೇಣಗಲದ ಕಾಗದವು ಧರಿಸಬಲ್ಲುದೆ? ಪಾಠಶಾಲೆಯಲ್ಲಿ ಜಯದೇವಕವಿಯ ಕೃತಿಯನ್ನು ಪದಚ್ಛೇದ, ಅನ್ವಯ, ಅಲಂಕಾರಗಳೊಡನೆ ಕಲಿತ ಈ ಲೇಖಕನು, ಚಿತ್ರವೆಂಬುದು ಕಾವ್ಯಕ್ಕೆ ತೊಡಿಸಿದ ಒಡವೆಯೆಂದೇ ಬಹುಕಾಲ ಭಾವಿಸಿದ್ದನು. ಹಿಮಾಲಯದ ತಪ್ಪಲಿನ ಚಿಕ್ಕ ಸಂಸ್ಥಾನಗಳಲ್ಲಿ ರಚಿತವಾದ ಎರಡು ಗೀತಗೋವಿಂದ ಚಿತ್ರಮಾಲೆಗಳ ಪ್ರತಿಕೃತಿಗಳನ್ನು ನೋಡಿದ ಮೇಲೆ ಆ ಭಾವನೆಯು ನಿಲ್ಲಲಿಲ್ಲ.

ಆನಂದ ಕುಮಾರಸ್ವಾಮಿಯವರು 1916ರಲ್ಲಿ ರಾಜಪೂತ ಚಿತ್ರಕಲೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಪಹಾಡಿ ಚಿತ್ರಗಳನ್ನು ಲೋಕದ ಕಣ್ಣಿಗೆ ತಂದರು. ತರುವಾಯ ವಿದ್ವಾಂಸರು ಅವುಗಳನ್ನು ಬಸೋಹ್ಲಿ, ಗುಲೇರ್, ಕಾಂಗ್ಡಾ ಎಂದು ರಾಜ್ಯಗಳ ಹೆಸರಿನಿಂದ ವಿಂಗಡಿಸಿದರು. ಅರಸನ ಅಭಿರುಚಿಯೇ ಶೈಲಿಯ ಮೂಲವೆಂಬ ನಂಬಿಕೆಯು ಈ ವಿಂಗಡಣೆಯಲ್ಲಿ ಅಡಗಿದೆ. ಅದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ವಿಚಾರಿಸಬೇಕಾಗಿದೆ.

ಮೊದಲನೆಯ ಮಾಲೆಯ ಕೊನೆಯಲ್ಲಿ ಒಂದು ಸಂಸ್ಕೃತ ಶ್ಲೋಕವಿದೆ. ಅದರಲ್ಲಿ ಕಾಲವು ಸಂಖ್ಯಾಪದಗಳಿಂದ ಸೂಚಿತವಾಗಿದೆ. ಬಲದಿಂದ ಎಡಕ್ಕೆ ಎಣಿಸಿದರೆ ವಿಕ್ರಮಶಕ 1787, ಎಂದರೆ ಕ್ರಿ. ಶ. 1730 ಎಂದಾಗುತ್ತದೆ. ಚಿತ್ರಕಾರನು ಮಾನಕು. ‘ಮಾಲಿನೀ’ ಎಂಬ ಮತ್ತೊಂದು ಪದವೂ ಅಲ್ಲಿದೆ. ಅದು ಚಿತ್ರಗಳನ್ನು ಮಾಡಿಸಿದ ಸ್ತ್ರೀಯ ಹೆಸರೆಂದು ಕೆಲವರು, ಛಂದಸ್ಸಿನ ಹೆಸರೆಂದು ಕೆಲವರು ವಾದಿಸಿದ್ದಾರೆ. ಶ್ಲೋಕವೇನೋ ಪಾದಕ್ಕೆ 15 ಅಕ್ಷರಗಳುಳ್ಳ ಮಾಲಿನೀ ವೃತ್ತದಲ್ಲಿಯೇ ಇದೆ. ‘ವೃತ್ತ’ವೆಂದರೆ ನಡತೆಯೂ ಹೌದು, ಛಂದಸ್ಸೂ ಹೌದು. ಶ್ಲೇಷವನ್ನು ಬಲ್ಲವರು ಎರಡು ಅರ್ಥಗಳನ್ನೂ ಏಕಕಾಲದಲ್ಲಿ ಒಪ್ಪಬಹುದು. ಆದರೆ ಯಾವ ಅರ್ಥವನ್ನು ಹಿಡಿದರೂ ಅಲ್ಲಿ ಅರಸನೊಬ್ಬನ ಹೆಸರು ಸಿಕ್ಕುವುದಿಲ್ಲ. ಚಿತ್ರಕಾರನ ಹೆಸರು ಮಾತ್ರ ನಿಸ್ಸಂದೇಹವಾಗಿ ಸಿಕ್ಕುತ್ತದೆ. ಬಣ್ಣಗಳ ಉಗ್ರತೆಯನ್ನು ಕಂಡು ಈ ಮಾಲೆಯನ್ನು ಬಹುಕಾಲ ಬಸೋಹ್ಲಿಯದೆಂದೇ ಕರೆಯುತ್ತಿದ್ದರು. ಮಾನಕುವಾದರೋ ಗುಲೇರಿನ ಪಂಡಿತ ಸೇವುವಿನ ಮಗನು, ನೈನಸುಖನ ಅಣ್ಣನು. ಹರಿದ್ವಾರದ ಪಂಡೆಗಳ ವಹಿಗಳಲ್ಲಿ ಈ ಮನೆತನದವರ ಬರಹಗಳನ್ನು ಶೋಧಿಸಿದ ಬಿ. ಎನ್. ಗೋಸ್ವಾಮಿಯವರು, ಶೈಲಿಗೆ ಆಧಾರವು ಸಿಂಹಾಸನವಲ್ಲ, ಕುಟುಂಬವೆಂದು 1968ರಲ್ಲಿ ಪ್ರತಿಪಾದಿಸಿದರು.

ಎರಡನೆಯ ಮಾಲೆಯು ಸುಮಾರು 1775ರದು. ಕಾಂಗ್ಡಾದ ಸಂಸಾರಚಂದನ ಹೆಸರಿನೊಡನೆ ಸೇರಿರತಕ್ಕದ್ದು. ಇದನ್ನು ಬರೆದವರು ಮಾನಕು ನೈನಸುಖರ ಮುಂದಿನ ಪೀಳಿಗೆಯವರು. ಕಾವ್ಯವು ಒಂದೇ, ಮನೆತನವೂ ಒಂದೇ. ಆದರೂ ಚಿತ್ರಗಳು ಬೇರೆ. ಮಾನಕುವಿನ ನೆಲವು ಸಪಾಟಾದ ಒಂದೇ ಬಣ್ಣದ್ದು. ಮರಗಳು ಒಂದೊಂದಾಗಿ ಎಣಿಸುವಂತೆ ನಿಂತಿವೆ. ಕಾಂಗ್ಡಾದಲ್ಲಿ ಹೂವಿನಿಂದ ಬಾಗಿದ ಬಳ್ಳಿಗಳು, ದಟ್ಟವಾದ ಎಲೆಗಳು, ತಿರುವುಗೊಂಡು ಹರಿಯುವ ಯಮುನೆ, ಕೋಮಲವಾದ ಮುಖಗಳು.

ಜನರು ಎರಡನೆಯದನ್ನೇ ಮೆಚ್ಚುವರು. ವಸಂತವರ್ಣನೆಯಲ್ಲಿಯೂ ಸಂಭೋಗಶೃಂಗಾರದಲ್ಲಿಯೂ ಆ ಮೆಚ್ಚಿಕೆಯು ನ್ಯಾಯವೇ. ಆದರೆ ಗೀತಗೋವಿಂದದ ಬಹುಭಾಗವು ವಿರಹವಲ್ಲವೆ? ವಿರಹಿಣಿಯಾದ ರಾಧೆಗೆ ಚಂದನವು ಸುಡುತ್ತದೆ, ಬೆಳುದಿಂಗಳು ನೋಯಿಸುತ್ತದೆ, ಮಲಯಮಾರುತವು ವಿಷವಾಗುತ್ತದೆ. ಸಂಯೋಗದಲ್ಲಿ ಹಿತವಾದ ಉದ್ದೀಪನವಿಭಾವವೇ ವಿಯೋಗದಲ್ಲಿ ಬಾಧಕವಾಗುವುದೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕಾಂಗ್ಡಾದ ವನವಾದರೋ ರಾಧೆಯು ನಕ್ಕರೂ ಅತ್ತರೂ ಒಂದೇ ಬಗೆಯಾಗಿ ಮಧುರವಾಗಿರುತ್ತದೆ. ಅವಳ ದುಃಖವನ್ನು ಅದು ಅರಿಯದು. ಮಾನಕುವಿನ ಬರಿಯ ನೆಲದ ಮೇಲೆ ರಾಧೆಯೂ ಸಖಿಯೂ ಕುಳಿತಿರುವಾಗ ಅವರ ಸುತ್ತಣ ಶೂನ್ಯವೇ ವಿರಹವನ್ನು ನುಡಿಯುತ್ತದೆ. ಆದುದರಿಂದ ಸೌಂದರ್ಯದಲ್ಲಿ ಎರಡನೆಯದು ಮೇಲಾದರೂ ರಸಪ್ರತೀತಿಯಲ್ಲಿ ಮೊದಲನೆಯದೇ ಮೇಲೆಂದು ಈ ಲೇಖಕನ ಮತ.

ಹಾಗೆಂದು ರಾಜಾಶ್ರಯವನ್ನು ಅಲ್ಲಗಳೆಯಲಾಗದು. 1809ರಲ್ಲಿ ಕಾಂಗ್ಡಾದ ಕೋಟೆಯು ರಣಜಿತಸಿಂಹನ ಪಾಲಾಯಿತು. ಅನಂತರ 1820ರಲ್ಲಿ ಬಂದ ಮೂರ್‌ಕ್ರಾಫ್ಟನು, ಸಂಸಾರಚಂದನು ಆಗಲೂ ಚಿತ್ರಕಾರರನ್ನು ಇರಿಸಿಕೊಂಡಿದ್ದುದನ್ನು ಕಂಡನು. ಐಶ್ವರ್ಯವು ಹೋದ ಮೇಲೂ ಉಳಿದ ಪ್ರೀತಿಯು ಬರಿಯ ವೈಭವಪ್ರದರ್ಶನವಲ್ಲ. ಜಸರೋಟಾದ ಬಲವಂತಸಿಂಹನಾದರೋ ತಾನು ಗಡ್ಡವನ್ನು ಕತ್ತರಿಸಿಕೊಳ್ಳುವುದನ್ನೂ ಡೇರೆಯಲ್ಲಿ ಕುಳಿತು ಕಾಗದ ಬರೆಯುವುದನ್ನೂ ಚಿತ್ರಿಸಲು ನೈನಸುಖನಿಗೆ ಎಡೆಗೊಟ್ಟನು. ಅವನು 1763ರಲ್ಲಿ ತೀರಿಕೊಂಡಾಗ ಅಸ್ಥಿಯನ್ನು ಗಂಗೆಗೆ ಒಯ್ದವರಲ್ಲಿ ನೈನಸುಖನೂ ಒಬ್ಬನು. ಹರಿದ್ವಾರದ ವಹಿಯಲ್ಲಿ ಅವನ ಕೈಬರಹವೂ ಚಿತ್ರವೂ ಉಳಿದಿವೆ. ಇಂತಹ ಆಶ್ರಯವನ್ನು ಸಖ್ಯವೆಂದರೂ ಸಲ್ಲುವುದು.

ಅರಸನು ಅನ್ನವನ್ನೂ ಅವಕಾಶವನ್ನೂ ಕೊಟ್ಟನು. ಕೈಯನ್ನು ಕೊಟ್ಟದ್ದು ಮನೆತನ, ಕಣ್ಣನ್ನು ಕೊಟ್ಟದ್ದು ಕಾವ್ಯ. ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸುವಾಗ ರಾಜ್ಯದ ಹೆಸರನ್ನು ಹೇಳಿ ಸುಮ್ಮನಾಗುವುದು ಉಂಡ ಮನೆಯ ಯಜಮಾನನನ್ನು ನೆನೆದು ಅಡುಗೆಯವಳನ್ನು ಮರೆತಂತೆ. ಮಾನಕುವಿನ ಹೆಸರನ್ನೂ ಹೇಳಬೇಕು. ಅವನ ಹೆಸರನ್ನು ಉಳಿಸುವುದಕ್ಕೆ ಒಂದು ಶ್ಲೋಕವೇ ಇರುವಾಗ ನಾವು ಅದನ್ನು ಓದದೆ ಬಿಡುವುದು ಯುಕ್ತವಲ್ಲ.