ಮಹಾರಾಜ್‌ನಿಂದ ಮಿನಾಜ್‌ವರೆಗೆ: ಒಂದು ಜನ್ಮವಾಕ್ಯದ ವ್ಯಾಖ್ಯಾನ

ಮೂಲವಾಕ್ಯ: ‘ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದ ಸೇಂಟ್ ಜೇಮ್ಸ್ ಕೇರಿಯಲ್ಲಿ, 1982ರ ಡಿಸೆಂಬರ್ 8ರಂದು, ದೊಗ್ಲಾ ತಂದೆಗೂ ಆಫ್ರಿಕಾ ಮೂಲದ ತಾಯಿಗೂ ಹುಟ್ಟಿದ ಒನಿಕಾ ತಾನ್ಯಾ ಮರಾಜ್ ಅವರೇ ನಿಕಿ ಮಿನಾಜ್.’

ಅನ್ವಯ. ಇಲ್ಲಿ ವಿಶೇಷ್ಯವಾದ ಹೆಸರು ಕೊನೆಗೆ ಬಂದಿದೆ. ಅದಕ್ಕೆ ಮುಂಚಿನದೆಲ್ಲ ವಿಶೇಷಣ. ರ‍್ಯಾಪ್ ಹಾಡುಗಾರಿಕೆಯಲ್ಲಿ, ಎಂದರೆ ಮಾತನ್ನೇ ತಾಳಕ್ಕೆ ಹೊಂದಿಸಿ ನುಡಿಯುವ ಗಾನದಲ್ಲಿ, ಲೋಕಪ್ರಸಿದ್ಧರಾದವರ ಹೆಸರನ್ನು ಬಲ್ಲವರು ಬಹಳ ಮಂದಿ. ಹೆಸರಿನ ಹಿಂದಿರುವ ವಿಶೇಷಣಗಳನ್ನು ಒಂದೊಂದಾಗಿ ಬಿಡಿಸಿದರಲ್ಲದೆ ಆ ಹೆಸರಿನ ತೂಕ ತಿಳಿಯದು. ಆದುದರಿಂದ ವಾಕ್ಯದ ಕ್ರಮವನ್ನೇ ಹಿಡಿದು ವಿವರಣೆ ನಡೆಯುತ್ತದೆ.

‘ಟ್ರಿನಿಡಾಡ್ ದ್ವೀಪದ’: ಟ್ರಿನಿಡಾಡ್ ಎಂಬುದು ಸ್ಪ್ಯಾನಿಷ್ ಪದ, ತ್ರಿತ್ವ, ಅಂದರೆ ಕ್ರೈಸ್ತರು ನಂಬುವ ತ್ರಿಯೇಕ ದೇವರು ಎಂದು ಅರ್ಥ. 1498ರಲ್ಲಿ ಕೊಲಂಬಸ್ ಇಟ್ಟ ಹೆಸರಿದು. ಕೆರಿಬಿಯನ್ ದ್ವೀಪಮಾಲೆಯ ದಕ್ಷಿಣದ ತುದಿಯಲ್ಲಿ, ವೆನೆಜುವೆಲಾದ ತೀರಕ್ಕೆ ತೀರ ಸಮೀಪದಲ್ಲಿರುವ ಈ ನೆಲದಲ್ಲಿ ಆತ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಜನವಸತಿಯಿತ್ತು. ಹೊರಗಿನಿಂದ ಬಂದವನು ಇಟ್ಟ ಹೆಸರೇ ನಿಂತಿತು ಎಂಬುದನ್ನು ಇಲ್ಲಿಯೇ ಗುರುತಿಟ್ಟುಕೊಳ್ಳಬೇಕು. ವಾಕ್ಯದ ಕೊನೆಯ ಪದಕ್ಕೆ ಬಂದಾಗ ಇದೇ ಸಂಗತಿ ಮರಳಿ ಎದುರಾಗುವುದು.

‘ಪೋರ್ಟ್ ಆಫ್ ಸ್ಪೇನ್ ನಗರದ’: ಸ್ಪೇನಿನ ರೇವು ಎಂದರ್ಥ. ರೇವು ಸ್ಪೇನಿನದು, ಹೆಸರಿನ ಭಾಷೆ ಇಂಗ್ಲಿಷ್; ಈ ಎರಡರ ನಡುವೆ ಒಂದು ಚರಿತ್ರೆ ಅಡಗಿದೆ. ಸ್ಪೇನಿನ ಅರಸು 1783ರಲ್ಲಿ ಒಂದು ಆಜ್ಞೆ ಹೊರಡಿಸಿ, ಕ್ಯಾಥಲಿಕ್ ಮತದ ಹೊರನಾಡಿಗರು ಬಂದು ನೆಲೆಸಿದರೆ ಭೂಮಿ ಕೊಡುವುದಾಗಿ ಸಾರಿತು. ಸುತ್ತಲ ದ್ವೀಪಗಳಿಂದ ಫ್ರೆಂಚ್ ತೋಟಗಾರರು ತಮ್ಮ ಆಫ್ರಿಕನ್ ಗುಲಾಮರೊಡನೆ ಬಂದರು. 1797ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. ಹೀಗೆ ಹೆಸರು ಸ್ಪೇನಿನದು, ಆಳಿಕೆ ಇಂಗ್ಲೆಂಡಿನದು, ತೋಟದ ಒಡೆತನ ಬಹುಮಟ್ಟಿಗೆ ಫ್ರೆಂಚರದು, ದುಡಿಮೆ ಆಫ್ರಿಕದವರದು ಎಂಬ ಸ್ಥಿತಿ ಉಂಟಾಯಿತು. ಭಾರತದ ಹೆಸರು ಈ ಪದದಲ್ಲಿ ಇನ್ನೂ ಇಲ್ಲ. ಅದು ಮುಂದಿನ ಪದದಲ್ಲಿದೆ.

‘ಸೇಂಟ್ ಜೇಮ್ಸ್ ಕೇರಿಯಲ್ಲಿ’: ಕೇರಿ ಎಂದರೆ ಇಲ್ಲಿ ನಗರದ ಪಶ್ಚಿಮಕ್ಕಿರುವ ಬಡಾವಣೆ. ಕೇರಿಯ ಹೆಸರು ಒಬ್ಬ ಕ್ರೈಸ್ತ ಸಂತನದು. ಅದರ ಬೀದಿಗಳ ಹೆಸರುಗಳೋ ಕಲ್ಕತ್ತಾ, ಬಾಂಬೆ, ದೆಲ್ಲಿ, ಮದ್ರಾಸ್, ಲಕ್ನೋ. ಹಿಂದೆ ಕಬ್ಬಿನ ತೋಟವಿದ್ದ ಈ ನೆಲದಲ್ಲಿ ಕೂಲಿಯ ಕರಾರು ಮುಗಿಸಿದ ಭಾರತೀಯರು ನೆಲೆಸಿದರು. ಅವರಲ್ಲಿ ಹೆಚ್ಚಿನವರು ಭೋಜಪುರಿ, ಅವಧಿ ಮಾತಾಡುವ ಗಂಗಾ ಬಯಲಿನವರು. ಮದರಾಸಿನ ರೇವಿನಿಂದ ಹಡಗು ಹತ್ತಿದವರೂ ಕೆಲವರಿದ್ದರು. ಈ ಕೇರಿಯ ದೊಡ್ಡ ಆಚರಣೆ ‘ಹೊಸೇ’. ಹುಸೇನರ ಹೆಸರೇ ಅಲ್ಲಿನ ನಾಲಗೆಯಲ್ಲಿ ಹೀಗಾಗಿದೆ. ಮೊಹರಮ್ಮು ಎಂದು ತಿಳಿಯತಕ್ಕದ್ದು. ಬಣ್ಣದ ಕಾಗದ, ತಗಡುಗಳಿಂದ ಕಟ್ಟಿದ ತಾಬೂತುಗಳು ರಾತ್ರಿಯಲ್ಲಿ ಹೊರಡುತ್ತವೆ, ಮುಂದೆ ತಾಸೆ ಬಡಿಯುತ್ತದೆ. ತಾಸೆ ಬಡಿಯುವ ಕೈಗಳಲ್ಲಿ ಮುಸಲ್ಮಾನರದೂ ಹಿಂದೂಗಳದೂ ಆಫ್ರಿಕಾ ಮೂಲದವರದೂ ಇವೆ. ವಾಕ್ಯದಲ್ಲಿ ಮುಂದೆ ಬರುವ ದೊಗ್ಲಾ ಎಂಬ ಪದಕ್ಕೆ ಇದಕ್ಕಿಂತ ತಕ್ಕ ಪೀಠಿಕೆ ಸಿಗಲಾರದು.

‘1982ರ ಡಿಸೆಂಬರ್ 8ರಂದು’: ದ್ವೀಪವು 1962ರಲ್ಲಿ ಸ್ವತಂತ್ರವಾಗಿ ಇಪ್ಪತ್ತು ವರ್ಷ ಕಳೆದಿತ್ತು. ಭಾರತೀಯ ಕೂಲಿಗಳನ್ನು ಹೊತ್ತ ಮೊದಲ ಹಡಗು ಬಂದು 137 ವರ್ಷಗಳಾಗಿದ್ದವು.

‘ದೊಗ್ಲಾ ತಂದೆಗೂ’: ಈ ವಾಕ್ಯದ ಅತ್ಯಂತ ಭಾರವಾದ ಪದವಿದು, ಇಲ್ಲಿ ನಿಧಾನಿಸಬೇಕು. ತಂದೆ ರಾಬರ್ಟ್ ಮರಾಜ್. ದೊಗ್ಲಾ ಎಂಬುದು ಹಿಂದಿ, ಭೋಜಪುರಿಗಳ ಪದ. ಬೆರಕೆ, ಅಡ್ಡತಳಿ, ಸಂಕರಜ ಎಂದು ಅರ್ಥ, ಅದೂ ಬೈಗುಳದ ಧಾಟಿಯಲ್ಲಿ. ಟ್ರಿನಿಡಾಡಿನಲ್ಲಿ ಅದರ ಅರ್ಥ ಒಂದೇ ಕಡೆಗೆ ಸಂಕೋಚಗೊಂಡು, ಭಾರತ ಮತ್ತು ಆಫ್ರಿಕಾ ಎರಡೂ ಮೂಲಗಳು ಕೂಡಿದವರು ಎಂದಾಯಿತು. ಬೇರೆ ಬಗೆಯ ಬೆರಕೆಗೆ ಅಲ್ಲಿ ಈ ಪದ ಸಲ್ಲದು.

ಈ ಕೂಡಿಕೆ ಹೇಗೆ ಒದಗಿತೆಂಬುದನ್ನು ತಿಳಿಯಬೇಕಾದರೆ ಎರಡು ಯಾನಗಳನ್ನು ತಿಳಿಯಬೇಕು. ಮೊದಲನೆಯದು ಮೇಲೆ ಹೇಳಿದ ಆಫ್ರಿಕನ್ ಗುಲಾಮರದು, ಎರಡನೆಯದು ಭಾರತೀಯ ಕೂಲಿಗಳದು. 1834ರಲ್ಲಿ ಗುಲಾಮಗಿರಿ ರದ್ದಾಯಿತು, 1838ರಲ್ಲಿ ಬಿಡುಗಡೆ ಪೂರ್ಣವಾಯಿತು. ಬಿಡುಗಡೆ ಹೊಂದಿದವರಲ್ಲಿ ಅನೇಕರು ಹಳೆಯ ಯಜಮಾನರ ಗದ್ದೆಯನ್ನು ತೊರೆದರು. ಉಳಿದವರು ತಕ್ಕ ಕೂಲಿ ಕೇಳಿದರು. ತೋಟಗಾರರು ಅಗ್ಗದ ಕೈಗಳಿಗಾಗಿ ಭಾರತದ ಕಡೆ ತಿರುಗಿದರು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಸುಮಾರು 225 ಮಂದಿಯನ್ನು ಹೊತ್ತು ಈ ರೇವಿಗೆ ಬಂತು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ 1,40,000ಕ್ಕೂ ಹೆಚ್ಚು ಜನ ಹೀಗೆ ಬಂದಿಳಿದರು. ಐದು ವರ್ಷದ ಕರಾರು, ತೋಟ ಬಿಟ್ಟು ಹೋಗಲು ಚೀಟಿ ಬೇಕು, ಚೀಟಿಯಿಲ್ಲದೆ ಸಿಕ್ಕಿದರೆ ಸೆರೆಮನೆ. ಬಿಡುಗಡೆಯಾದವರ ಕೂಲಿಯನ್ನು ತಗ್ಗಿಸಲೆಂದೇ ಕರಾರಿನ ಕಟ್ಟಿನವರನ್ನು ತಂದ ಕಾರಣ, ಇಬ್ಬರು ನೊಂದವರ ನಡುವೆ ಮೊದಲ ದಿನದಿಂದಲೇ ಸಂಶಯ ಬಿತ್ತಲ್ಪಟ್ಟಿತು. ಈ ಸಂಶಯವು ಅವರಲ್ಲಿ ತಾನಾಗಿ ಮೊಳೆತುದಲ್ಲ, ತೋಟಗಾರರ ಲೆಕ್ಕಾಚಾರದ ಫಲ ಎಂಬುದನ್ನು ಮರೆಯಬಾರದು.

ಹಡಗುಗಳಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕೆಂದು ಸರ್ಕಾರ ನಿಯಮ ಮಾಡಬೇಕಾಗಿ ಬಂತು. ಹೆಂಗಸರು ಅಷ್ಟು ಕಡಿಮೆ. ಹೀಗಿದ್ದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತೀಯರೂ ಆಫ್ರಿಕದವರೂ ಕೂಡಿ ಬಾಳಿದ ನಿದರ್ಶನಗಳು ತೀರ ವಿರಳ. ಇಪ್ಪತ್ತನೆಯ ಶತಮಾನದಲ್ಲಿ, ಪಟ್ಟಣದ ಬದುಕಿನಲ್ಲಿ, ಅವು ಹೆಚ್ಚಿದವು. ಹಾಗೆ ಹುಟ್ಟಿದ ಮಕ್ಕಳಿಗೆ ತಾಯ್ನುಡಿಯ ಬೈಗುಳವೇ ಜಾತಿಯ ಹೆಸರಾಯಿತು. 2011ರ ಜನಗಣತಿಯಲ್ಲಿ ಭಾರತ ಮೂಲದವರು ಶೇ. 35ರಷ್ಟು, ಆಫ್ರಿಕಾ ಮೂಲದವರು ಶೇ. 34ರಷ್ಟು, ಈ ಎರಡೂ ಬೆರೆತವರು ತಾವೆಂದು ಬರೆಸಿದವರು ಶೇ. 7.7ರಷ್ಟು. ಬೈಗುಳದ ಹೆಸರಿದ್ದ ಕೂಡಿಕೆ ಗಣತಿಯ ಒಂದು ಸಾಲಾಗುವಷ್ಟು ದೂರ ನಡೆದು ಬಂದಿದೆ.

ಶಂಕೆ: ಹಾಗಾದರೆ ದೊಗ್ಲಾ ಎನಿಸಿದವರು ಯಾವ ಕಡೆಯವರು? ಇದಕ್ಕೆ ಸಮಾಧಾನವನ್ನು ಆ ದ್ವೀಪದ ಒಬ್ಬ ಹಾಡುಗಾರನೇ ಹೇಳಿಬಿಟ್ಟಿದ್ದಾನೆ. ಕಾಲಿಪ್ಸೊ ಎಂಬುದು ಊರಿನ ಸುದ್ದಿ, ಜಗಳ, ರಾಜಕೀಯಗಳನ್ನು ಎತ್ತಿಕೊಂಡು ಕಾರ್ನಿವಲ್ ಹಬ್ಬದ ಕಾಲದಲ್ಲಿ ಹಾಡುವ ಪದ. 1960ರ ಸುಮಾರಿಗೆ ‘ಮೈಟಿ ದೊಗ್ಲಾ’ ಎಂಬ ಬಿರುದಿನ ಕಾಲಿಪ್ಸೊಗಾರ ‘ಸ್ಪ್ಲಿಟ್ ಮಿ ಇನ್ ಟೂ’ ಎಂಬ ಪದ ಹಾಡಿದ. ನನ್ನನ್ನು ಎರಡಾಗಿ ಸೀಳಿ ಎಂದು ಶೀರ್ಷಿಕೆಯ ಅರ್ಥ. ಭಾರತದವರನ್ನು ಭಾರತಕ್ಕೂ ಆಫ್ರಿಕದವರನ್ನು ಆಫ್ರಿಕಕ್ಕೂ ಹಿಂದೆ ಕಳಿಸುವುದಾದರೆ ತನ್ನ ಗತಿಯೇನು ಎಂಬುದು ಆ ಹಾಡಿನ ಪ್ರಶ್ನೆ. ಯಾವ ಕಡೆಯವರು ಎಂದು ಕೇಳುವುದು ಮನುಷ್ಯನನ್ನು ಸೀಳಿ ಎಂದಂತೆಯೇ ಸರಿ ಎಂಬುದು ಭಾವ. ವಂಶವನ್ನು ಪಾಲು ಹಾಕಿ, ಇಷ್ಟರಲ್ಲಿ ಇಷ್ಟು ಎಂದು ಅಳೆಯುವವರಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

‘ಆಫ್ರಿಕಾ ಮೂಲದ ತಾಯಿಗೂ’: ತಾಯಿ ಕ್ಯಾರೊಲ್ ಮರಾಜ್, ಕ್ರೈಸ್ತ ಭಕ್ತಿಗೀತೆಗಳ ಹಾಡುಗಾರ್ತಿ. ತಂದೆಯೂ ಆ ಹಾಡುಗಳನ್ನು ಹಾಡುತ್ತಿದ್ದವರೇ. ಮೂಲ ಎಂಬ ಪದ ಇಲ್ಲಿ ಒಂದು ಇಡೀ ಭೂಖಂಡವನ್ನು ಹೇಳಿ ಸುಮ್ಮನಾಗುತ್ತದೆ; ಊರನ್ನಾಗಲಿ ಭಾಷೆಯನ್ನಾಗಲಿ ಹೇಳುವುದಿಲ್ಲ. ಈ ಮೌನಕ್ಕೆ ಕಾರಣವುಂಟು. ಭಾರತದಿಂದ ಹೊರಟ ಕೂಲಿಯ ಕೈಯಲ್ಲಿ ಒಂದು ಪಾಸಿತ್ತು. ಅವನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ ಎಲ್ಲವೂ ಅದರಲ್ಲಿ ಬರೆದಿರುತ್ತಿದ್ದವು. ಮೊಮ್ಮಕ್ಕಳು ಆ ಕಾಗದ ಹಿಡಿದು ಬಿಹಾರದ ಹಳ್ಳಿಯ ಬಾಗಿಲು ತಟ್ಟಿದ್ದುಂಟು. ಆಫ್ರಿಕದಿಂದ ಬಂದವರನ್ನೂ ಪಟ್ಟಿ ಮಾಡಿದರು. ಟ್ರಿನಿಡಾಡಿನಲ್ಲಿ 1813ರಿಂದ ಗುಲಾಮರ ದಾಖಲೆ ಪುಸ್ತಕವಿತ್ತು, ಕಳ್ಳದಾರಿಯಲ್ಲಿ ಹೊಸಬರನ್ನು ತರಬಾರದೆಂಬುದು ಅದರ ಉದ್ದೇಶ. ಅದರಲ್ಲಿ ಇಬೋ, ಕಾಂಗೋ ಎಂಬಂಥ ಜನಾಂಗದ ಹೆಸರು ಸಿಗುತ್ತದೆ. ವ್ಯಕ್ತಿಯ ಹೆಸರಿನ ಜಾಗದಲ್ಲಿ ಮಾತ್ರ ಇರುವುದು ಬಹುಮಟ್ಟಿಗೆ ಯೂರೋಪಿನ ಹೆಸರು. ತಾಯಿ ತೊಟ್ಟಿಲಲ್ಲಿ ಕರೆದ ಹೆಸರು ಅಲ್ಲಿಲ್ಲ. ಹೀಗೆ ತಂದೆಯ ವಂಶದಲ್ಲೂ ತಾಯಿಯ ವಂಶದಲ್ಲೂ ಆಫ್ರಿಕಾ ಇದೆ, ಎರಡು ದಾರಿಯಲ್ಲಿ ಬಂದಿದೆ. ಮಗಳ ಹೆಸರಿನಲ್ಲಿ ಕಾಣುವುದು ಒಂದೇ ದಾರಿಯಲ್ಲಿ ಬಂದ ಭಾರತ. ಹೆಸರನ್ನಷ್ಟೇ ನೋಡಿ ವಂಶವನ್ನು ಅಳೆದವರು ಇಲ್ಲಿ ಮೋಸಹೋಗುತ್ತಾರೆ.

‘ತಂದೆಗೂ ತಾಯಿಗೂ’ ಎಂಬಲ್ಲಿಯ ಎರಡು ಊಕಾರಗಳು ಸಮುಚ್ಚಯಾರ್ಥದವು, ಕೂಡಿಸಿ ಹೇಳುವಂಥವು. ದೊಗ್ಲಾ ಎಂಬ ಪದದೊಳಗೂ ಇಂಥ ಎರಡು ಊಕಾರಗಳು ಕಾಣದಂತೆ ಅಡಗಿವೆ ಎಂದು ಗ್ರಹಿಸಬೇಕು.

‘ಹುಟ್ಟಿದ’: ಜನನವನ್ನಷ್ಟೇ ಹೇಳುವ ಪದ, ಬೆಳೆದುದು ಬೇರೆಡೆ. ತಾಯಿ ಅಮೆರಿಕಕ್ಕೆ ಮೊದಲೇ ಹೋದರು. ಮಗು ಸೇಂಟ್ ಜೇಮ್ಸಿನಲ್ಲೇ ಅಜ್ಜಿಯ ಮನೆಯಲ್ಲಿ ಉಳಿಯಿತು. ಐದರ ವಯಸ್ಸಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಸೇರಿತು. ಹಿಂದಿನ ಎರಡು ಯಾನಗಳ ಮೇಲೆ ಇದು ಮೂರನೆಯ ಯಾನ.

‘ಒನಿಕಾ ತಾನ್ಯಾ’: ಇವು ಕೊಟ್ಟ ಹೆಸರುಗಳು. ತಾನ್ಯಾ ಎಂಬುದು ತತಿಯಾನಾ ಎಂಬ ರಷ್ಯನ್ ಹೆಸರಿನ ಮುದ್ದಿನ ರೂಪ. ಲೋಕವೆಲ್ಲ ಬಳಸುವ ಹೆಸರಾದುದರಿಂದ ವಂಶದ ಸುಳಿವು ಇದರಲ್ಲಿಲ್ಲ.

‘ಮರಾಜ್’: ಮಹಾರಾಜ್ ಎಂಬುದರ ರೂಪಾಂತರ. ಕನ್ನಡದಲ್ಲಿ ಮಹಾರಾಜನೆಂದರೆ ಅರಸನೇ. ಗಂಗಾ ಬಯಲಿನಲ್ಲಿ ಅದು ಬ್ರಾಹ್ಮಣನನ್ನು, ಪುರೋಹಿತನನ್ನು, ಅಡುಗೆಯವನನ್ನೂ ಗೌರವದಿಂದ ಕರೆಯುವ ಮಾತು. ನಮ್ಮಲ್ಲಿ ‘ಸ್ವಾಮಿ’ ಎನ್ನುವ ಹಾಗೆ. ಹಡಗು ಹತ್ತಿದವರಲ್ಲಿ ಬಹುಮಂದಿಗೆ ಮನೆತನದ ಹೆಸರೆಂಬುದೇ ಇರಲಿಲ್ಲ. ಒಂದೇ ಹೆಸರು, ಜೊತೆಗೆ ತಂದೆಯದು. ಹೊಸ ನೆಲದ ಕಚೇರಿ, ಶಾಲೆ, ಚರ್ಚುಗಳು ಮನೆತನದ ಹೆಸರು ಕೇಳಿದಾಗ ಕರೆಯುವ ಮಾತೇ ಹೆಸರಾಗಿ ನಿಂತಿತು. ಶಂಕೆ: ಈ ಹೆಸರುಳ್ಳವರೆಲ್ಲ ಬ್ರಾಹ್ಮಣರ ವಂಶದವರೋ? ಹಾಗೆ ಹೇಳಲಾಗದು. ಕಡಲೆಂಬ ಕರಿನೀರು ದಾಟುವಾಗ ಹಳೆಯ ಜಾತಿಯನ್ನು ಕಳಚಿ ಮೇಲಿನದನ್ನು ತೊಟ್ಟವರಿದ್ದರು. ಹಡಗಿನಲ್ಲಿ ಬ್ರಾಹ್ಮಣರಾದವರು ಎಂಬ ಮಾತೇ ಆ ದ್ವೀಪಗಳಲ್ಲಿದೆ. ಮತ್ತೊಂದು ಶಂಕೆ: ಮಹಾರಾಜ್ ಎನಿಸಿದವರು ಕ್ರೈಸ್ತ ಗೀತೆ ಹಾಡುವುದೆಂತು? ಹೆಸರು ಮತವನ್ನು ಹಿಂಬಾಲಿಸುವುದಿಲ್ಲ. ಕೆನಡಾದ ಪ್ರೆಸ್ಬಿಟೇರಿಯನ್ ಮಿಷನರಿಗಳು 1868ರಿಂದ ಅಲ್ಲಿನ ಭಾರತೀಯರ ನಡುವೆ ಶಾಲೆಗಳನ್ನು ಕಟ್ಟಿದರು. ಮತ ಬದಲಾಯಿಸಿಯೂ ಹಿಂದಿನ ಹೆಸರನ್ನೇ ಉಳಿಸಿಕೊಂಡವರು ಆ ದ್ವೀಪದಲ್ಲಿ ಬಹಳ.

‘ಅವರೇ’: ಏಕಾರ ಅವಧಾರಣೆಗೆ, ಎಂದರೆ ಬೇರೊಬ್ಬರಲ್ಲ ಎಂದು ಒತ್ತಿ ಹೇಳುವುದಕ್ಕೆ. ಹೆಸರು ಬದಲಾದರೂ ವ್ಯಕ್ತಿ ಅದೇ ಎಂದು ಇದು ಸಾರುತ್ತದೆ. 2012ರಲ್ಲಿ ‘ಪೌಂಡ್ ದಿ ಅಲಾರ್ಮ್’ ಹಾಡಿನ ವಿಡಿಯೊವನ್ನು ಅವರು ಪೋರ್ಟ್ ಆಫ್ ಸ್ಪೇನಿನ ಬೀದಿಗಳಲ್ಲಿ, ಕಾರ್ನಿವಲ್ ವೇಷದಲ್ಲಿ ಚಿತ್ರಿಸಿದ್ದು ಈ ಏಕಾರಕ್ಕೆ ದೃಷ್ಟಾಂತ.

‘ನಿಕಿ ಮಿನಾಜ್’: ನಿಕಿ ಎಂಬ ಸದ್ದು ಒನಿಕಾದೊಳಗೇ ಕೇಳಿಸುತ್ತದೆ. ಮಿನಾಜ್ ಹಾಗಲ್ಲ. ಮೊದಲ ಕರಾರಿನ ಕಾಲದಲ್ಲಿ ಹಾಡಿನ ವ್ಯಾಪಾರದವನೊಬ್ಬ ಬದಲಿಸಿದ ಹೆಸರದು, ತನಗೆ ಅದು ಹಿಡಿಸಿರಲಿಲ್ಲ ಎಂದು ಅವರೇ ಹೇಳಿದ್ದಾರೆ. ದ್ವೀಪಕ್ಕಾದುದೇ ದ್ವೀಪದ ಮಗಳಿಗೂ ಆಯಿತು. ಇನ್ನು ಶಬ್ದದ ವಿಚಾರ. ಮಹಾರಾಜ್ ಮರಾಜ್ ಆದಲ್ಲಿ ಹಕಾರಕ್ಕೆ ಲೋಪ. ಅದು ಜನರ ನಾಲಗೆಯಲ್ಲಿ, ತಲೆಮಾರುಗಳ ಬಳಕೆಯಲ್ಲಿ ಸವೆದುದು. ಮರಾಜ್ ಮಿನಾಜ್ ಆದಲ್ಲಿ ಮಕಾರದ ಅಕಾರಕ್ಕೆ ಇಕಾರವೂ ರಕಾರಕ್ಕೆ ನಕಾರವೂ ಆದೇಶ. ಅದು ಒಬ್ಬನ ಇಚ್ಛೆಯಿಂದ, ಒಂದೇ ಬಾರಿಗೆ ಆದುದು. ಬರಹದಲ್ಲಿ ಮೊದಲಿನ ಮಕಾರವೂ ಕೊನೆಯ ‘ಆಜ್’ ಎಂಬ ಭಾಗವೂ ಗಂಗಾ ಬಯಲಿನಲ್ಲಿ ಹೇಗಿದ್ದವೋ ಹಾಗೆಯೇ ಉಳಿದಿವೆ.